ವಾರ್ಡಿನ ಮತದಿಂದ ಲೋಕಸಭೆಯ ಲೆಕ್ಕ: ಕೂದಲೆಳೆ ಅಂತರದ ಕ್ಷೇತ್ರವನ್ನು ಓದುವುದು ಹೇಗೆ?

ಸ್ಥಳೀಯ ಸಂಸ್ಥೆಗಳ ಮತ ಎಣಿಕೆ ಮುಗಿದ ದಿನ ‘ಇದು ಲೋಕಸಭಾ ಚುನಾವಣೆಗೆ ದಿಕ್ಸೂಚಿ’ ಎಂದು ಗೆದ್ದವರು ಹೇಳುತ್ತಾರೆ, ‘ಸ್ಥಳೀಯ ವಿಚಾರಗಳೇ ಬೇರೆ’ ಎಂದು ಸೋತವರು ಹೇಳುತ್ತಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಮುಂದಿನ ಚುನಾವಣೆಯ ಸುಳಿವು ಆ ಫಲಿತಾಂಶದೊಳಗೆ ನಿಜವಾಗಿಯೂ ಇರುತ್ತದೆ. ಆದರೆ ಅದು ಗೆದ್ದ ಸ್ಥಾನಗಳ ಪಟ್ಟಿಯಲ್ಲಿ ಇರುವುದಿಲ್ಲ. ಪಕ್ಷದ ಕಾರ್ಯಕರ್ತರು, ಜಿಲ್ಲಾ ವರದಿಗಾರರು, ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಗೆದ್ದ ವಾರ್ಡುಗಳನ್ನು ಕೂಡಿಸಿ ಲೋಕಸಭೆಯ ಭವಿಷ್ಯ ಹೇಳಲು ಹೊರಟು ಮತ್ತೆ ಮತ್ತೆ ಎಡವುವುದನ್ನು ಕಂಡಿರುವುದರಿಂದ, ಈ ಲೆಕ್ಕವನ್ನು ಕ್ರಮವಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಸ್ಥಾನಗಳ ಲೆಕ್ಕ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ 2019ರ ಮೇ ತಿಂಗಳೇ ಸಾಕು. ಮೇ 23ರಂದು ಹೊರಬಿದ್ದ ಲೋಕಸಭಾ ಫಲಿತಾಂಶದಲ್ಲಿ ಬಿಜೆಪಿ ಕರ್ನಾಟಕದ 28 ಸ್ಥಾನಗಳ ಪೈಕಿ 25ನ್ನು ಗೆದ್ದಿತ್ತು. ಅದಾದ ಎಂಟೇ ದಿನಕ್ಕೆ, ಮೇ 31ರಂದು ಬಂದ ನಗರ ಸ್ಥಳೀಯ ಸಂಸ್ಥೆಗಳ ಫಲಿತಾಂಶದಲ್ಲಿ ಕಾಂಗ್ರೆಸ್ 509, ಬಿಜೆಪಿ 366, ಜೆಡಿಎಸ್ 174 ವಾರ್ಡುಗಳನ್ನು ಪಡೆದವು. ಎಂಟು ದಿನಗಳಲ್ಲಿ ಜನರ ಮನಸ್ಸು ಬದಲಾಗಿರಲಿಲ್ಲ. ದೆಹಲಿಗೆ ಯಾರನ್ನು ಕಳಿಸಬೇಕು ಎಂಬ ಪ್ರಶ್ನೆಗೂ ಬೀದಿಯ ನಲ್ಲಿ, ಚರಂಡಿಗಳನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೂ ಅದೇ ಮತದಾರರು ಬೇರೆ ಬೇರೆ ಉತ್ತರ ಕೊಟ್ಟಿದ್ದರು.

ಮೊದಲು ಕ್ಷೇತ್ರವನ್ನು ಆರಿಸಿ

ಎರಡು ಲಕ್ಷ ಮತಗಳ ಅಂತರವಿರುವ ಕ್ಷೇತ್ರಕ್ಕೆ ಈ ಶ್ರಮ ವ್ಯರ್ಥ. ವಾರ್ಡು ಮಟ್ಟದ ಸಣ್ಣ ಪಲ್ಲಟಗಳಿಗೆ ಬೆಲೆ ಬರುವುದು ಅಂತರ ಸಣ್ಣದಾಗಿದ್ದಾಗ ಮಾತ್ರ. ಈ ಲೇಖನದುದ್ದಕ್ಕೂ ಚಾಮರಾಜನಗರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. 2019ರಲ್ಲಿ ಇಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಅವರು ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರನ್ನು ಸೋಲಿಸಿದ್ದು 1,817 ಮತಗಳಿಂದ. ಹನ್ನೆರಡು ಲಕ್ಷಕ್ಕೂ ಹೆಚ್ಚು ಮತ ಚಲಾವಣೆಯಾದ ಕಡೆ ಇದು ಶೇ 0.15ಕ್ಕಿಂತ ಕಡಿಮೆ, ಮತಗಟ್ಟೆಗೆ ಸರಾಸರಿ ಒಂದು ಮತ ಆಚೀಚೆಯಾಗಿದ್ದರೂ ಫಲಿತಾಂಶ ತಿರುಗಬಹುದಿತ್ತು. ಹಾಗೆಂದು ಇಲ್ಲಿ ಅಂತರ ಎಂದೂ ಸಣ್ಣದೇ ಆಗಿತ್ತು ಎಂದೇನೂ ಅಲ್ಲ. 2014ರಲ್ಲಿ ಧ್ರುವನಾರಾಯಣ ಅವರು 1,41,182 ಮತಗಳಿಂದ ಗೆದ್ದಿದ್ದರು. 2024ರಲ್ಲಿ ಕಾಂಗ್ರೆಸ್ಸಿನ ಸುನೀಲ್ ಬೋಸ್ ಅವರ ಅಂತರ 1,88,706. ಹೀಗೆ ಹಿಗ್ಗಿ ಕುಗ್ಗುವ ಕ್ಷೇತ್ರದಲ್ಲಿ ಒಂದು ಚುನಾವಣೆಯ ಅಂತರವನ್ನಷ್ಟೇ ನೋಡದೆ ಕನಿಷ್ಠ ಮೂರು ಚುನಾವಣೆಗಳ ಅಂತರಗಳನ್ನು ಬರೆದಿಟ್ಟುಕೊಳ್ಳಬೇಕು.

ಅಂಕಿಗಳನ್ನು ಕೂಡಿಹಾಕಿ

ಲೋಕಸಭೆ ಮತ್ತು ವಿಧಾನಸಭೆಗಳ ಮತಗಟ್ಟೆವಾರು ವಿವರ ನಮೂನೆ 20ರಲ್ಲಿ ಇರುತ್ತದೆ; ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಿಂದ ಅದನ್ನು ಪಡೆಯಿರಿ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದ್ದರಿಂದ ವಾರ್ಡುವಾರು ಮತಗಳನ್ನು ಅಲ್ಲಿಂದಲೇ ಅಥವಾ ತಾಲ್ಲೂಕು ಕಚೇರಿಯಿಂದ ಪಡೆಯಬೇಕು. ಫಲಿತಾಂಶದ ಮರುದಿನವೇ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಬಣ್ಣಬಣ್ಣದ ಪಟ್ಟಿಗಳನ್ನು ಮುಟ್ಟಬೇಡಿ; ಅವುಗಳಲ್ಲಿ ಗೆದ್ದವರ ಹೆಸರಿರುತ್ತದೆ, ಸೋತವರ ಮತ ಇರುವುದಿಲ್ಲ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಮುಖ್ಯವಾಗಿ ಸೋತವರ ಮತ. ಸ್ಕ್ಯಾನ್ ಮಾಡಿದ ಹಾಳೆಗಳಿಂದ ಅಂಕಿಗಳನ್ನು ತಾನೇ ಎತ್ತಿಕೊಡುವ ಆ್ಯಪ್‌ಗಳನ್ನೂ ನಂಬಬೇಡಿ. ಅವು 3ನ್ನು 8 ಎಂದು ಓದಿದರೆ ಒಂದು ಮತಗಟ್ಟೆಯಲ್ಲಿ ಐನೂರು ಮತಗಳ ವ್ಯತ್ಯಾಸ ಬಂದುಬಿಡುತ್ತದೆ. ಅಂಕಿಗಳನ್ನು ಹಾಳೆಯಲ್ಲಿ ಕೈಯಿಂದಲೇ ತುಂಬಿ, ಪ್ರತಿ ಸಾಲಿನ ಮೊತ್ತವನ್ನು ಮೂಲದ ಮೊತ್ತದೊಂದಿಗೆ ಹೋಲಿಸಿ ನೋಡಿ.

ಗ್ರಾಮ ಪಂಚಾಯಿತಿ ಫಲಿತಾಂಶವನ್ನು ಈ ಲೆಕ್ಕದಿಂದ ಪೂರ್ಣವಾಗಿ ಹೊರಗಿಡಬೇಕು ಎಂಬುದು ನನ್ನ ಖಚಿತ ಸಲಹೆ. ಕರ್ನಾಟಕದಲ್ಲಿ ಅದು ಪಕ್ಷರಹಿತ ಚುನಾವಣೆ. ಒಂದೇ ಕ್ಷೇತ್ರದಿಂದ ಇಬ್ಬರು ಮೂವರು ಸದಸ್ಯರು ಆಯ್ಕೆಯಾಗುವ ಕಡೆ ಒಬ್ಬ ಮತದಾರ ಒಂದಕ್ಕಿಂತ ಹೆಚ್ಚು ಮತ ಹಾಕುವುದರಿಂದ ಆ ಮತಗಳನ್ನು ಶೇಕಡಾವಾರು ಲೆಕ್ಕಕ್ಕೆ ತರುವುದೂ ಸಾಧ್ಯವಿಲ್ಲ. 2020ರ ಡಿಸೆಂಬರ್ ಕೊನೆಯಲ್ಲಿ ಫಲಿತಾಂಶ ಬಂದಾಗ ಎಲ್ಲ ಪ್ರಮುಖ ಪಕ್ಷಗಳೂ ‘ನಮ್ಮ ಬೆಂಬಲಿಗರೇ ಹೆಚ್ಚು ಗೆದ್ದಿದ್ದಾರೆ’ ಎಂದು ಹೇಳಿಕೊಂಡವು. ಪರಿಶೀಲಿಸಲು ದಾಖಲೆ ಇಲ್ಲದ ಕಡೆ ಅಂಥ ಮಾತಿಗೆ ಬೆಲೆ ಕೊಡಲಾಗದು. ಪಕ್ಷದ ಚಿಹ್ನೆಯ ಮೇಲೆ ನಡೆಯುವ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಷ್ಟೇ ನಮಗೆ ಸಾಕು.

ಗಡಿಗಳನ್ನು ಹೊಂದಿಸಿ

ತಾಲ್ಲೂಕಿನ ಹೆಸರೂ ವಿಧಾನಸಭಾ ಕ್ಷೇತ್ರದ ಹೆಸರೂ ಒಂದೇ ಆಗಿದ್ದರೆ ಎರಡೂ ಒಂದೇ ಎಂದು ಭಾವಿಸಬಾರದು. ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಹೆಗ್ಗಡದೇವನಕೋಟೆ, ನಂಜನಗೂಡು, ವರುಣ, ತಿ. ನರಸೀಪುರ, ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಮೊದಲ ನಾಲ್ಕು ಮೈಸೂರು ಜಿಲ್ಲೆಯವು. ಆದ್ದರಿಂದ ಚಾಮರಾಜನಗರ ಜಿಲ್ಲಾ ಪಂಚಾಯಿತಿಯ ಫಲಿತಾಂಶ ಈ ಲೋಕಸಭಾ ಕ್ಷೇತ್ರದ ಅರ್ಧ ಚಿತ್ರವನ್ನಷ್ಟೇ ಕೊಡುತ್ತದೆ. ನಂಜನಗೂಡು ತಾಲ್ಲೂಕಿನ ಒಂದು ಭಾಗ ವರುಣ ಕ್ಷೇತ್ರದಲ್ಲಿದೆ. ಯಳಂದೂರು ತಾಲ್ಲೂಕು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದೆ. ಹೋಬಳಿಯ ನಕ್ಷೆಯನ್ನು ಮುಂದಿಟ್ಟುಕೊಂಡು ಪ್ರತಿ ಪಂಚಾಯಿತಿ ಕ್ಷೇತ್ರವನ್ನು ಅದರೊಳಗಿನ ಮತಗಟ್ಟೆಗಳ ಹೆಸರಿನೊಂದಿಗೆ ಜೋಡಿಸಿ. ಮತಗಟ್ಟೆಗಳ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುವುದರಿಂದ ಶಾಲೆಯ ಅಥವಾ ಊರಿನ ಹೆಸರನ್ನೇ ಆಧಾರವಾಗಿಟ್ಟುಕೊಳ್ಳಿ.

ಮತ ಯಾರದು ಎಂದು ನಿರ್ಧರಿಸಿ

ಲೆಕ್ಕ ಮಾಡುವವರಲ್ಲಿ ಬಹುತೇಕರು ಎಡವುವುದು ಇಲ್ಲಿ. ಅಭ್ಯರ್ಥಿಯ ಹೆಸರಿನ ಮುಂದೆ ಇರುವ ಪಕ್ಷದ ಹೆಸರನ್ನು ಹಾಗೆಯೇ ನಕಲು ಮಾಡಿಕೊಂಡು ಮುಂದೆ ಹೋದರೆ, ಸ್ಥಳೀಯ ಚುನಾವಣೆಯ ಅತಿ ಮುಖ್ಯ ಸಂಗತಿಯನ್ನೇ ಕೈಬಿಟ್ಟಂತಾಗುತ್ತದೆ.

ಒಂದು ಕಲ್ಪಿತ ವಾರ್ಡನ್ನು ತೆಗೆದುಕೊಳ್ಳೋಣ. ‘ಅ’ ಪಕ್ಷಕ್ಕೆ 620, ‘ಆ’ ಪಕ್ಷಕ್ಕೆ 540, ಪಕ್ಷೇತರರೊಬ್ಬರಿಗೆ 310 ಮತಗಳು ಬಂದಿವೆ. ಪತ್ರಿಕೆಯ ಪಟ್ಟಿಯಲ್ಲಿ ಇದು ‘ಅ’ ಪಕ್ಷದ ಗೆಲುವು. ಆದರೆ ಆ ಪಕ್ಷೇತರರು ‘ಆ’ ಪಕ್ಷದ ಬಿ ಫಾರಂ (ಅಧಿಕೃತ ಅಭ್ಯರ್ಥಿಗೆ ಪಕ್ಷ ಕೊಡುವ ಪತ್ರ) ಸಿಗದೆ ಬಂಡಾಯವೆದ್ದವರಾಗಿದ್ದರೆ ವಾರ್ಡಿನ ಒಲವು ವಾಸ್ತವದಲ್ಲಿ ‘ಆ’ ಪಕ್ಷದ ಕಡೆಗಿದೆ. ಹಾಗೆಂದು 310 ಮತಗಳನ್ನೂ ಆ ಪಕ್ಷದ ಖಾತೆಗೆ ಹಾಕುವುದೂ ಸರಿಯಲ್ಲ, ಏಕೆಂದರೆ ಅವುಗಳಲ್ಲಿ ನೆಂಟರ, ನೆರೆಹೊರೆಯವರ, ಜಾತಿಬಾಂಧವರ ಮತಗಳೂ ಇರುತ್ತವೆ. ಇದಕ್ಕೆ ನಾನು ಒಪ್ಪುವ ದಾರಿ ಒಂದೇ: ಎರಡು ಲೆಕ್ಕ ಮಾಡಿ. ಒಂದರಲ್ಲಿ ಬಂಡಾಯದ ಮತಗಳೆಲ್ಲ ಮೂಲ ಪಕ್ಷಕ್ಕೆ ಮರಳುತ್ತವೆ ಎಂದೂ ಇನ್ನೊಂದರಲ್ಲಿ ಒಂದೂ ಮರಳುವುದಿಲ್ಲ ಎಂದೂ ಇಟ್ಟುಕೊಳ್ಳಿ. ಸತ್ಯ ಈ ಎರಡರ ನಡುವೆ ಇರುತ್ತದೆ. ಪಕ್ಷೇತರರ ಮೂಲ ಗೊತ್ತಾಗದಿದ್ದರೆ ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆಯ ದಿನದವರೆಗೆ ಕಾಯಿರಿ. ಅವರು ಯಾರ ಪರ ಕೈ ಎತ್ತಿದರು ಎಂಬುದು ಸಾಮಾನ್ಯವಾಗಿ ಉತ್ತರ ಕೊಡುತ್ತದೆ. ಅಧಿಕಾರದ ಆಸೆಗೆ ಅಂದೇ ಪಕ್ಷ ಬದಲಿಸುವವರೂ ಇರುವುದರಿಂದ ಸೋತ ಪಕ್ಷೇತರರ ಬಗ್ಗೆ ಊರಿನವರನ್ನೇ ಕೇಳಬೇಕು.

ಅವಿರೋಧ ಆಯ್ಕೆಯಾದ ಸ್ಥಾನಗಳಲ್ಲಿ ಮತಗಳೇ ಇರುವುದಿಲ್ಲ. ಅಲ್ಲಿ ಗೆದ್ದವರ ಪಕ್ಷಕ್ಕೆ ನೂರಕ್ಕೆ ನೂರು ಎಂದು ಬರೆಯುವುದು ಘೋರ ತಪ್ಪು. ಅಂಥ ಸ್ಥಾನವನ್ನು ಈ ಬಾರಿಯ ಲೆಕ್ಕದಿಂದಲೂ ಹಿಂದಿನ ಬಾರಿಯ ಲೆಕ್ಕದಿಂದಲೂ ಒಟ್ಟಿಗೇ ತೆಗೆದುಹಾಕಿ. ಪಕ್ಷವೊಂದು ಅಭ್ಯರ್ಥಿಯನ್ನೇ ಹಾಕದ ವಾರ್ಡಿಗೂ ಇದೇ ನಿಯಮ. ಅಲ್ಲಿನ ಸೊನ್ನೆ ಆ ಪಕ್ಷದ ಬಲವನ್ನು ತೋರಿಸುವುದಿಲ್ಲ.

ಮೂರನೆಯ ಪಕ್ಷದ ಮತಗಳಿಗೆ ಪ್ರತ್ಯೇಕ ಹಾಳೆ ಇರಲಿ. 2019ರಲ್ಲಿ ಚಾಮರಾಜನಗರದಲ್ಲಿ ಬಿಎಸ್‌ಪಿಗೆ ಬಿದ್ದದ್ದು 87 ಸಾವಿರಕ್ಕೂ ಹೆಚ್ಚು ಮತ, ಅಂದರೆ ಗೆಲುವಿನ ಅಂತರದ ನಲವತ್ತೇಳು ಪಟ್ಟಿಗಿಂತ ಹೆಚ್ಚು. ಆ ಮತಗಳ ಸಣ್ಣ ಚೂರು ಎತ್ತ ವಾಲಿದರೂ ಸಂಸದರ ಹೆಸರು ಬದಲಾಗುತ್ತಿತ್ತು. ಆ ಮತ ಎಲ್ಲಿ ಬೇರೂರಿದೆ ಎಂಬುದನ್ನು ಮೊದಲೇ ತೋರಿಸಿದ್ದು ಕೊಳ್ಳೇಗಾಲ. 2018ರ ಮೇ ತಿಂಗಳಲ್ಲಿ ಅಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಅವರು ಶಾಸಕರಾಗಿದ್ದರು. ಅದೇ ವರ್ಷದ ನಗರಸಭೆ ಚುನಾವಣೆಯಲ್ಲೂ ಬಿಎಸ್‌ಪಿ ಗಮನಾರ್ಹ ಸಂಖ್ಯೆಯ ವಾರ್ಡುಗಳನ್ನು ಗೆದ್ದಿತ್ತು.

ಅದೇ ಊರು ಮತ್ತೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಮಹೇಶ್ ಅವರು ಮುಂದೆ ಬಿಜೆಪಿ ಸೇರಿದರು. ಅವರೊಂದಿಗೆ ಹೋದ ಸದಸ್ಯರು ಅನರ್ಹಗೊಂಡಿದ್ದರಿಂದ ನಗರಸಭೆಯ ಏಳು ವಾರ್ಡುಗಳಿಗೆ 2022ರಲ್ಲಿ ಉಪಚುನಾವಣೆ ನಡೆದು ಆರು ಬಿಜೆಪಿಗೆ ದಕ್ಕಿದವು. ಕೆಲವೇ ತಿಂಗಳ ನಂತರ, 2023ರ ವಿಧಾನಸಭಾ ಚುನಾವಣೆಯಲ್ಲಿ, ಮಹೇಶ್ ಅವರು ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿ ಅವರೆದುರು ಸುಮಾರು 59 ಸಾವಿರ ಮತಗಳಿಂದ ಸೋತರು. ವಾರ್ಡಿನಲ್ಲಿ ಬಿದ್ದ ಮತ ಸದಸ್ಯರ ಮುಖ ನೋಡಿ ಬಿದ್ದದ್ದು. ವಿಧಾನಸಭೆಗೆ ಬಂದಾಗ ಅದು ಪಕ್ಷಾಂತರವನ್ನು ಹಿಂಬಾಲಿಸಲಿಲ್ಲ. ಪಕ್ಷ ಬದಲಿಸಿದ ಸದಸ್ಯರು ಗೆದ್ದ ವಾರ್ಡುಗಳಿಗೆ ಹಾಳೆಯಲ್ಲಿ ಬೇರೆ ಗುರುತು ಹಾಕಿ, ಅವುಗಳನ್ನು ಯಾವ ಪಕ್ಷದ ಬೆಳವಣಿಗೆಯೆಂದೂ ಎಣಿಸಬೇಡಿ.

ಸ್ಥಳೀಯವನ್ನು ಸ್ಥಳೀಯದೊಂದಿಗೇ ಹೋಲಿಸಿ

ನಗರಸಭೆಯಲ್ಲಿ ಪಕ್ಷವೊಂದಕ್ಕೆ ಶೇ 38, ಹಿಂದಿನ ಲೋಕಸಭೆಯಲ್ಲಿ ಶೇ 46 ಬಂದಿದ್ದರೆ ‘ಎಂಟು ಅಂಶ ಕುಸಿತ’ ಎಂದು ಬರೆಯುವವರಿದ್ದಾರೆ. ಹಿಂದಿನ ನಗರಸಭೆಯಲ್ಲಿ ಅದೇ ಪಕ್ಷಕ್ಕೆ ಬಂದದ್ದು ಶೇ 33 ಆಗಿದ್ದರೆ ಅದು ಏರಿಕೆ. ಹೋಲಿಕೆ ಯಾವಾಗಲೂ ಒಂದೇ ಬಗೆಯ ಎರಡು ಚುನಾವಣೆಗಳ ನಡುವೆ ಇರಬೇಕು. ಮೀಸಲಾತಿ ಆವರ್ತನೆಯಿಂದ ವಾರ್ಡಿನ ಅಭ್ಯರ್ಥಿ ಬದಲಾಗುವುದರಿಂದ ಒಂದೊಂದೇ ವಾರ್ಡನ್ನು ಹೋಲಿಸದೆ, ಊರು ಅಥವಾ ಹೋಬಳಿಯ ಒಟ್ಟು ಮತಗಳನ್ನು ಹೋಲಿಸುವುದು ಲೇಸು.

ಬಳಿಕ ರಾಜ್ಯದಲ್ಲಿ ಆಗ ಯಾರ ಸರ್ಕಾರವಿತ್ತು ಎಂದು ಬರೆಯಿರಿ. ಅನುದಾನ, ಕಾಮಗಾರಿಗಳ ನಿರೀಕ್ಷೆಯಿಂದ ಆಡಳಿತ ಪಕ್ಷಕ್ಕೆ ಸ್ಥಳೀಯ ಚುನಾವಣೆಯಲ್ಲೂ ಉಪಚುನಾವಣೆಯಲ್ಲೂ ಹೆಚ್ಚುವರಿ ಮತ ಸಿಗುವುದು ಸಾಮಾನ್ಯ. ಈ ಲೋಕಸಭಾ ಕ್ಷೇತ್ರದೊಳಗೇ ಅದಕ್ಕೆ ಸಾಕ್ಷಿಯಿದೆ: 2017ರ ಏಪ್ರಿಲ್‌ನಲ್ಲಿ ನಂಜನಗೂಡು, ಗುಂಡ್ಲುಪೇಟೆ ಉಪಚುನಾವಣೆಗಳೆರಡನ್ನೂ ಅಂದಿನ ಆಡಳಿತ ಪಕ್ಷವಾದ ಕಾಂಗ್ರೆಸ್ ಗೆದ್ದಿತು; ಮರುವರ್ಷ ಮೇ ತಿಂಗಳಲ್ಲಿ ಎರಡೂ ಬಿಜೆಪಿ ಪಾಲಾದವು. ಹಾಗಾದರೆ ಆಡಳಿತ ಪಕ್ಷದ ಸ್ಥಳೀಯ ಮತದಿಂದ ಈ ಹೆಚ್ಚುವರಿಯನ್ನು ಎಷ್ಟು ಕಳೆಯಬೇಕು? ರಾಜ್ಯಕ್ಕೆಲ್ಲ ಒಂದೇ ಅಂಕಿ ಹೇಳುವ ಸಮೀಕ್ಷಾ ಸಂಸ್ಥೆಗಳ ಮಾತು ಕೇಳದೆ ನಿಮ್ಮ ಕ್ಷೇತ್ರದ ಹಳೆಯ ದಾಖಲೆಯಿಂದಲೇ ತೆಗೆಯಿರಿ. ಹಿಂದಿನ ಸ್ಥಳೀಯ ಚುನಾವಣೆಯಲ್ಲಿ ಪಕ್ಷ ಪಡೆದ ಶೇಕಡಾವಾರು ಮತಕ್ಕೂ ನಂತರದ ಲೋಕಸಭೆಯಲ್ಲಿ ಅದೇ ಮತಗಟ್ಟೆಗಳಲ್ಲಿ ಪಡೆದದ್ದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಅಳತೆ.

ಸಮಯ ಕಡಿಮೆಯಿದ್ದವರು ಎಂಟೂ ಕ್ಷೇತ್ರಗಳನ್ನು ಮಾಡಬೇಕಾಗಿಲ್ಲ. ಕಳೆದ ಎರಡು ಲೋಕಸಭಾ ಚುನಾವಣೆಗಳಲ್ಲಿ ಲೀಡ್ ಒಂದು ಪಕ್ಷದಿಂದ ಇನ್ನೊಂದಕ್ಕೆ ಬದಲಾದ ಕ್ಷೇತ್ರಗಳನ್ನಷ್ಟೇ ಪೂರ್ತಿ ಮಾಡಿ.

ತೂಕ ಮತ್ತು ಕಾಲ

ಪಟ್ಟಣಗಳ ಫಲಿತಾಂಶಕ್ಕೆ ಅವುಗಳ ಮತದಾರರ ಪ್ರಮಾಣಕ್ಕೆ ತಕ್ಕಷ್ಟೇ ತೂಕ ಕೊಡಿ. ವರುಣದಂಥ ಕ್ಷೇತ್ರದಲ್ಲಿ ಬಹುತೇಕ ಹಳ್ಳಿಗಳೇ ಇರುವುದರಿಂದ ನಂಜನಗೂಡು ನಗರಸಭೆಯ ಅಲೆಯನ್ನು ಅಲ್ಲಿಗೆ ಎಳೆದು ತರಬಾರದು.

ಫಲಿತಾಂಶ ಎಷ್ಟು ಹಳೆಯದು ಎಂಬುದೂ ಮುಖ್ಯ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿದರೂ ವರ್ಷಗಟ್ಟಲೆ ಹೊಸ ಚುನಾವಣೆ ನಡೆಯಲಿಲ್ಲ. ಹೀಗಾಗಿ 2024ರ ಲೋಕಸಭೆಯನ್ನು ಊಹಿಸಲು ಹೊರಟವರ ಕೈಯಲ್ಲಿ ಗ್ರಾಮೀಣ ಭಾಗದ ಪಕ್ಷವಾರು ಸ್ಥಳೀಯ ಅಂಕಿ ಇದ್ದದ್ದು ಎಂಟು ವರ್ಷ ಹಿಂದಿನದು. ಅಂಥ ಸಂದರ್ಭದಲ್ಲಿ ವಿಧಾನಸಭೆಯ ಅಂಕಿಗೇ ಹೆಚ್ಚು ತೂಕ ಕೊಡಬೇಕು: 2023ರಲ್ಲಿ ಈ ಎಂಟು ಕ್ಷೇತ್ರಗಳಲ್ಲಿ ಏಳನ್ನು ಕಾಂಗ್ರೆಸ್, ಹನೂರನ್ನು ಜೆಡಿಎಸ್ ಗೆದ್ದಿದ್ದವು. 2018ರಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು ನಾಲ್ಕು ಮಾತ್ರ.

ಉತ್ತರ ಬರೆಯುವುದು

ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದು ಅಂಕಿಯ ಬದಲು ಕನಿಷ್ಠ ಮತ್ತು ಗರಿಷ್ಠ ಲೀಡ್ ಬರೆಯಿರಿ. ಬಂಡಾಯದ ಎರಡು ಲೆಕ್ಕಗಳಿಂದ ಇವು ತಾವಾಗಿಯೇ ಸಿಗುತ್ತವೆ. ಎಂಟನ್ನೂ ಕೂಡಿಸಿದಾಗ ಒಂದು ತುದಿಯಲ್ಲಿ ಗೆಲುವೂ ಇನ್ನೊಂದು ತುದಿಯಲ್ಲಿ ಸೋಲೂ ಬಂದರೆ ‘ನಿರ್ಧರಿಸಲಾಗದು’ ಎಂದೇ ಬರೆಯಬೇಕು. 2019ರ ಚಾಮರಾಜನಗರಕ್ಕೆ ಅದೇ ಪ್ರಾಮಾಣಿಕ ಉತ್ತರವಾಗುತ್ತಿತ್ತು.

ಮಿತ್ರಪಕ್ಷದಿಂದ ಬರುವ ಮತಗಳಿಗೆ ಹಾಳೆಯಲ್ಲಿ ಒಂದು ಕಾಲಂ ಇಟ್ಟು, ಅದನ್ನು ಕೊನೆಯವರೆಗೆ ಖಾಲಿ ಬಿಡಿ. ಜೆಡಿಎಸ್ 2019ರಲ್ಲಿ ಕಾಂಗ್ರೆಸ್ ಜೊತೆಗಿತ್ತು, 2024ರಲ್ಲಿ ಬಿಜೆಪಿ ಜೊತೆಗಿತ್ತು. ಮಿತ್ರಪಕ್ಷದ ಮತ ಇಡಿಯಾಗಿ ವರ್ಗವಾಗುತ್ತದೆ ಎಂದು ಎಂದಿಗೂ ಇಟ್ಟುಕೊಳ್ಳಬಾರದು: 2018ರಲ್ಲಿ ತಿ. ನರಸೀಪುರದಲ್ಲಿ ಜೆಡಿಎಸ್ ಸೋಲಿಸಿದ್ದು ಕಾಂಗ್ರೆಸ್ಸಿನ ಸಚಿವರನ್ನೇ, ಹಾಗೆ ಎದುರುಬದುರು ನಿಂತ ಕಾರ್ಯಕರ್ತರು ಮರುವರ್ಷ ಒಂದೇ ಚಿಹ್ನೆಗೆ ಮತ ಕೇಳಬೇಕಾಯಿತು. ಹಿಂದಿನ ಮೈತ್ರಿಯಲ್ಲಿ ಅದೇ ಮತಗಟ್ಟೆಗಳಲ್ಲಿ ಎಷ್ಟು ಮತ ವರ್ಗವಾಯಿತು ಎಂಬುದನ್ನು ನಮೂನೆ 20ರಿಂದ ತೆಗೆದು, ಅದೇ ಪ್ರಮಾಣವನ್ನು ಬಳಸಿ. ಸೀಟು ಹಂಚಿಕೆ ಅಧಿಕೃತವಾಗಿ ಪ್ರಕಟವಾದ ದಿನ ಈ ಒಂದು ಕಾಲಂ ತುಂಬಿದರೆ ಸಾಕು. ಉಳಿದ ಹಾಳೆಗಳನ್ನು ಮತ್ತೆ ಮಾಡಬೇಕಾಗಿಲ್ಲ.