ಬದಿಯ ಅಂಕಣಗಳು ಅಲುಗದಂತೆ ನಡುವಿನದನ್ನು ಹಿಗ್ಗಿಸುವ ಕ್ರಮ

ಕಲಬುರಗಿಯ ತೊಗರಿಬೇಳೆ ಅಂಗಡಿಯೊಂದಕ್ಕೆ ಜಾಲಪುಟ ಕಟ್ಟುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ಎಡಕ್ಕೆ ಬೇಳೆಯ ಬಗೆಗಳ ಪಟ್ಟಿ, ಬಲಕ್ಕೆ ಆ ದಿನದ ದರ, ನಡುವೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಬೇಳೆಯ ವಿವರ. ಎಡದ ಅಂಕಣ 200 ಪಿಕ್ಸೆಲ್, ಬಲದ್ದು 240 ಪಿಕ್ಸೆಲ್. ಪರದೆ ಎಷ್ಟೇ ಅಗಲವಾದರೂ ಇವೆರಡೂ ಬದಲಾಗದೆ, ಉಳಿದ ಜಾಗವೆಲ್ಲ ನಡುವಿನದಕ್ಕೆ ಸೇರಬೇಕು.

ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ಹಿಂದೆ ಇದಕ್ಕಾಗಿ ಫ್ಲೋಟ್ (ಪೆಟ್ಟಿಗೆಯನ್ನು ಬದಿಗೆ ಸರಿಸುವ ಗುಣ) ಮತ್ತು ಹೊರ ಅಂತರವನ್ನು ಸೊನ್ನೆಗಿಂತ ಕೆಳಗಿಳಿಸುವ ಋಣ ಮಾರ್ಜಿನ್‌ಗಳ ಸರ್ಕಸ್ ನಡೆಸಬೇಕಾಗುತ್ತಿತ್ತು. 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಪುಟವನ್ನು ಅಡ್ಡ-ಉದ್ದ ಸಾಲುಗಳಾಗಿ ಹಂಚುವ ಗ್ರಿಡ್ ಬಂದಮೇಲೆ ಅದರ ಅಗತ್ಯ ಉಳಿದಿಲ್ಲ.

ಮೂರು ಭಾಗಗಳನ್ನೂ ಒಂದೇ ಹೊರ ಪೆಟ್ಟಿಗೆಯೊಳಗೆ ಎಡ, ನಡು, ಬಲ ಎಂಬ ಕ್ರಮದಲ್ಲಿ ಇಡಿ. ಆ ಪೆಟ್ಟಿಗೆಯ ಡಿಸ್‌ಪ್ಲೇ ಗುಣಕ್ಕೆ ಗ್ರಿಡ್ ಎಂದೂ, ಗ್ರಿಡ್-ಟೆಂಪ್ಲೇಟ್-ಕಾಲಮ್ಸ್ ಗುಣಕ್ಕೆ 200 ಪಿಕ್ಸೆಲ್, ಮಿನ್‌ಮ್ಯಾಕ್ಸ್(0, 1ಎಫ್‌ಆರ್), 240 ಪಿಕ್ಸೆಲ್ ಎಂಬ ಮೂರು ಅಳತೆಗಳನ್ನು ನಡುವೆ ಅಲ್ಪವಿರಾಮವಿಲ್ಲದೆ ಸಾಲಾಗಿಯೂ, ಗ್ಯಾಪ್ ಗುಣಕ್ಕೆ 24 ಪಿಕ್ಸೆಲ್ ಎಂದೂ ಕೊಡಿ. ಎಫ್‌ಆರ್ ಎಂದರೆ ಉಳಿದ ಜಾಗದ ಪಾಲು, ಮಿನ್‌ಮ್ಯಾಕ್ಸ್ ಎಂದರೆ ಕನಿಷ್ಠ ಮತ್ತು ಗರಿಷ್ಠ ಅಳತೆ, ಗ್ಯಾಪ್ ಎಂದರೆ ಅಂಕಣಗಳ ನಡುವಿನ ತೆರಪು. ಈ ಪದಗಳನ್ನು ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಪೆಟ್ಟಿಗೆಯನ್ನು ಗುರುತಿಸುವ ಕ್ಲಾಸಿಗೆ ಮಾತ್ರ ‘ಪುಟ’ ಎಂದು ಕನ್ನಡದಲ್ಲೇ ಹೆಸರಿಟ್ಟರೂ ಬ್ರೌಸರ್ ತಕರಾರು ಮಾಡುವುದಿಲ್ಲ. ಇಡೀ ಪುಟವನ್ನು ಒಳಗೊಂಡ ಬಾಡಿಯ ಮಾರ್ಜಿನ್ ಸೊನ್ನೆ ಮಾಡಿದ್ದರೆ, 1366 ಪಿಕ್ಸೆಲ್ ಅಗಲದಲ್ಲಿ ಬದಿಗಳ 440 ಮತ್ತು ಎರಡು ಗ್ಯಾಪ್‌ಗಳ 48 ಕಳೆದು ನಡುವಿನ ಅಂಕಣಕ್ಕೆ 878 ಪಿಕ್ಸೆಲ್ ಉಳಿಯುತ್ತದೆ, 1024ರಲ್ಲಿ 536.

ಬರೀ 1ಎಫ್‌ಆರ್ ಎಂದು ಬರೆದರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ನಾನೂ ಬಹುಕಾಲ ಹಾಗೆಯೇ ಬರೆಯುತ್ತಿದ್ದೆ. ಒಮ್ಮೆ ನಡುವಿನ ಅಂಕಣದಲ್ಲಿ ಹನ್ನೆರಡು ಕಾಲಮ್ಮುಗಳ ದರಪಟ್ಟಿ ಹಾಕಿದಾಗ ಬಲದ ಅಂಕಣ ಪರದೆಯಾಚೆ ಹೋಗಿ ಕುಳಿತಿತು. ಬರೀ 1ಎಫ್‌ಆರ್ ಎಂದರೆ ಕನಿಷ್ಠ ಅಳತೆ ‘ಆಟೋ’ ಎಂದರ್ಥ, ಅಂದರೆ ಒಳಗಿನ ಮುರಿಯಲಾಗದ ವಸ್ತುವಿಗಿಂತ ಅಂಕಣ ಕಿರಿದಾಗಲು ಒಪ್ಪುವುದಿಲ್ಲ. ಪಟ್ಟಿಯ ಸುತ್ತ, ಮೀರಿದ್ದನ್ನು ಅಡ್ಡಕ್ಕೆ ಸರಿಸಿ ನೋಡಲು ಬಿಡುವ ಓವರ್‌ಫ್ಲೋ-ಎಕ್ಸ್ ಆಟೋ ಇರುವ ಪೆಟ್ಟಿಗೆ ಹಾಕಿದೆ, ಆದರೂ ಅಂಕಣ ಜಗ್ಗಲಿಲ್ಲ; ಅಂಕಣದ ಕನಿಷ್ಠವನ್ನು ಸೊನ್ನೆಗಿಳಿಸಿದ ಮೇಲಷ್ಟೇ ಪಟ್ಟಿ ತನ್ನ ಪೆಟ್ಟಿಗೆಯೊಳಗೆ ಅಡ್ಡಕ್ಕೆ ಸರಿಯತೊಡಗಿತು. ಉದ್ದನೆಯ ಜಾಲವಿಳಾಸಗಳಿಗೂ, ದೊಡ್ಡ ಅಕ್ಷರದ ಶೀರ್ಷಿಕೆಯಲ್ಲಿ ಬರುವ ನಮ್ಮ ಉದ್ದುದ್ದ ಸಮಾಸಪದಗಳಿಗೂ ಓವರ್‌ಫ್ಲೋ-ರ್‍ಯಾಪ್ ಗುಣಕ್ಕೆ ಎನಿವೇರ್ ಎಂದು ಕೊಟ್ಟು, ಜಾಗ ಸಾಲದಿದ್ದರೆ ನಡುವೆಯೇ ಮುರಿಯಲು ಬಿಡುವುದು ಒಳ್ಳೆಯದು.

ಫ್ಲೆಕ್ಸ್‌ಬಾಕ್ಸ್‌ನಲ್ಲಿಯೂ (ಪೆಟ್ಟಿಗೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸುವ ಕ್ರಮ) ಇದು ಸಾಧ್ಯ: ಹಿಗ್ಗದಂತೆ, ಕುಗ್ಗದಂತೆ ಬದಿಗಳಿಗೆ ಫ್ಲೆಕ್ಸ್ 0 0 ಎಂದು ಬರೆದು ಮುಂದೆ ಅಗಲವನ್ನೂ, ನಡುವಿನದಕ್ಕೆ ಫ್ಲೆಕ್ಸ್ 1 ಜೊತೆಗೆ ಮಿನ್-ವಿಡ್ತ್ 0 ಎಂದೂ ಕೊಡಬೇಕು. ಇಲ್ಲಿ ಬದಿಗಳಿಗೆ ಪ್ಯಾಡಿಂಗ್ (ಒಳ ಅಂಚಿನ ತೆರಪು) ಇದ್ದರೆ ಬಾಕ್ಸ್-ಸೈಜಿಂಗ್ ಗುಣವನ್ನು ಬಾರ್ಡರ್-ಬಾಕ್ಸ್ ಮಾಡದೆ ಹೋದರೆ ಪ್ಯಾಡಿಂಗ್ ಸೇರಿಕೊಂಡು 200 ಎಂಬುದು 200 ಆಗಿ ಉಳಿಯುವುದಿಲ್ಲ. ಹೀಗಾಗಿ ನನ್ನ ಒಲವು ಗ್ರಿಡ್ ಕಡೆಗೇ.

360 ಪಿಕ್ಸೆಲ್ಲಿನ ಮೊಬೈಲ್‌ನಲ್ಲಿ ಬದಿಗಳೇ ಪರದೆಯನ್ನು ಮೀರುವುದರಿಂದ, ಗ್ರಿಡ್-ಟೆಂಪ್ಲೇಟ್-ಕಾಲಮ್ಸ್ ಸಾಲನ್ನು ಕನಿಷ್ಠ 800 ಪಿಕ್ಸೆಲ್ ಅಗಲದ ಮೀಡಿಯಾ ಕ್ವೆರಿಯೊಳಗೆ (ಪರದೆಯ ಅಗಲ ನೋಡಿ ಅನ್ವಯವಾಗುವ ನಿಯಮ) ಮಾತ್ರ ಬರೆಯಿರಿ. ಅದಕ್ಕಿಂತ ಕಿರಿದಾದ ಪರದೆಯಲ್ಲಿ ಮೂರೂ ಭಾಗಗಳು ಒಂದರ ಕೆಳಗೊಂದು ನಿಲ್ಲುತ್ತವೆ, ದರ ಕೊನೆಗೆ ಬರುತ್ತದೆ. ಕೊಳ್ಳುವವರು ಮೊದಲು ನೋಡುವುದು ದರವನ್ನೇ ಆದ್ದರಿಂದ, ಆ ಅಗಲದಲ್ಲಿ ಮಾತ್ರ ದರದ ಭಾಗದ ಸರದಿ ಹೇಳುವ ಆರ್ಡರ್ ಗುಣವನ್ನು -1 ಮಾಡಿದರೆ ಅದು ಮೇಲೆ ಬಂದು ನಿಲ್ಲುತ್ತದೆ.