ಪಿಕಪ್ ಗಾಡಿಗೇ ಪಿಕಪ್ ಇರಲಿಲ್ಲ: ಶಿರಾಡಿ ಏರಿನಲ್ಲಿ ಸಿಕ್ಕಿಬಿದ್ದ ಮಿಸ್ಸಿಂಗ್

ಮಂಗಳೂರಿನಿಂದ ಹಾಸನಕ್ಕೆ ಮೀನು ತರುವ ಗಾಡಿ. ಎರಡೂವರೆ ಲೀಟರ್ ಟರ್ಬೊ ಡೀಸೆಲ್, ಕಾಮನ್ ರೈಲ್. ಅಂದರೆ ಪಂಪ್ ಭಾರೀ ಒತ್ತಡದಲ್ಲಿ ರೈಲ್ ಅನ್ನುವ ಒಂದೇ ಪೈಪಿಗೆ ಡೀಸೆಲ್ ತುಂಬುತ್ತದೆ, ಅಲ್ಲಿಂದ ನಾಲ್ಕೂ ಇಂಜೆಕ್ಟರ್ ಸಿಲಿಂಡರಿಗೆ ಚಿಮ್ಮಿಸುತ್ತವೆ. ಯಾವ ಕಂಪನಿಯದು ಅನ್ನುವುದು ಬೇಡ ಬಿಡಿ. ಕಂಪ್ಲೇಂಟ್ ಒಂದೇ. ಶಿರಾಡಿ ಘಾಟಿಯ ಬುಡದ ಗುಂಡ್ಯ ದಾಟಿ ಏರು ಶುರುವಾದ ಮೇಲೆ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಡಬಡಬ ಅಂತ ಮಿಸ್ಸಿಂಗ್, ಇಂಜಿನ್ ತಪ್ಪಿ ತಪ್ಪಿ ಬಡಿಯುವುದು. ಕಾಲು ತೆಗೆದರೆ ಸರಿ. ಐಡ್ಲಿಂಗ್‌ನಲ್ಲಿ ಇಂಜಿನ್ ಮೇಲೆ ಟೀ ಲೋಟ ಇಟ್ಟರೂ ಅಲುಗುವುದಿಲ್ಲ.

ನನ್ನ ಹತ್ತಿರ ಬರುವ ಹೊತ್ತಿಗೆ ಮೂರು ಗ್ಯಾರೇಜ್ ಸುತ್ತಿ ಬಂದಿತ್ತು. ನಾಲ್ಕೂ ಇಂಜೆಕ್ಟರ್ ರಿಪೇರಿಗೆ 26 ಸಾವಿರದ ಹತ್ತಿರ, ಟರ್ಬೊಗೆ 15 ಸಾವಿರ, ಫಿಲ್ಟರ್ ಎಷ್ಟು ಸಲ ಬದಲಾಯಿಸಿದರೋ ಲೆಕ್ಕವೇ ಇಲ್ಲ. ವಿಚಿತ್ರ ಅಂದರೆ, ಪ್ರತಿ ಸಲ ಗ್ಯಾರೇಜಿನಿಂದ ಹೊರಗೆ ಬಂದಾಗ ಒಂದೆರಡು ಟ್ರಿಪ್ ಗಾಡಿ ಚೆನ್ನಾಗೇ ಓಡುತ್ತಿತ್ತು. ಆಮೇಲೆ ಮತ್ತೆ ಅದೇ ರಾಗ. ಸ್ಕ್ಯಾನರ್ ಹಾಕಿದರೆ ಪಿ 0087 ಅನ್ನುವ ಕೋಡ್, ಅಂದರೆ ರೈಲ್ ಪ್ರೆಶರ್ ಕಡಿಮೆ. ಅದನ್ನು ನೋಡಿದವರೆಲ್ಲ "ಪಂಪ್ ಹೋಗಿದೆ, 35 ಸಾವಿರ ರೆಡಿ ಮಾಡ್ಕೊಳ್ಳಿ" ಅಂದಿದ್ದರು.

ನಾನೂ ಮೊದಲು ಎಡವಿದೆ, ಮುಚ್ಚಿಡುವುದು ಯಾಕೆ. ನಾಲ್ಕು ಸಲೈನ್ ಬಾಟಲ್ ನೇತುಹಾಕಿ ಇಂಜೆಕ್ಟರ್ ರಿಟರ್ನ್, ಅಂದರೆ ಒಂದೊಂದು ಇಂಜೆಕ್ಟರ್ ವಾಪಸ್ ಬಿಡುವ ಡೀಸೆಲ್ ಎಷ್ಟು ಅಂತ ನೋಡಿದೆ. ಮೂರನೆಯದು ಸ್ವಲ್ಪ ಜಾಸ್ತಿ ಬಿಡುತ್ತಿತ್ತು. ಸಿಕ್ಕಿತು ಅಂದುಕೊಂಡು ಅದನ್ನು ಎರಡನೇ ಸಿಲಿಂಡರಿಗೆ ಹಾಕಿ, ಇಂಜೆಕ್ಟರಿನ ಕೋಡನ್ನು ಇಂಜಿನ್ ಕಂಪ್ಯೂಟರಿಗೆ ಬರೆದು, ಅರ್ಧ ದಿನ ಹಾಳುಮಾಡಿದೆ. ಏನೂ ಬದಲಾಗಲಿಲ್ಲ. ಆಮೇಲೆ ಇಂಜಿನ್ ಒಳಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಹೊಸದು ತಂದೆ. 3,800 ರೂಪಾಯಿ ನನ್ನ ಜೇಬಿನದು, ಇವತ್ತಿಗೂ ಶೆಲ್ಫಿನಲ್ಲಿ ಕೂತಿದೆ. ಬೇಕಾದವರು ಹೇಳಿ.

ನಡುವೆ, ಟರ್ಬೊ ಗಾಳಿ ಎಲ್ಲಾದರೂ ಸೋರುತ್ತಿದೆಯಾ ನೋಡೋಣ ಅಂತ, ಸುಮ್ನೆ ಒಂದು ಆಟ ಆಡಿದೆ. ಪೇಂಟ್ ಡಬ್ಬದಲ್ಲಿ ಕೆಂಡ ಹಾಕಿ, ಲೋಬಾನ ಉದುರಿಸಿ, ಆ ಹೊಗೆಯನ್ನು ಕಾಲಿನ ಪಂಪಿನಿಂದ ಟರ್ಬೊ ಪೈಪಿಗೆ ತಳ್ಳಿದೆ. ಗ್ಯಾರೇಜೆಲ್ಲ ದರ್ಗಾ ಹಾಗೆ ಘಮಘಮ. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಹೋಸಿನ ಕ್ಲಿಪ್ ಹತ್ತಿರ ತೆಳ್ಳಗೆ ಹೊಗೆ ಬಂತು. ಬಿಗಿ ಮಾಡಿದೆ. ಸೈಲೆನ್ಸರಿನ ಕಪ್ಪು ಹೊಗೆ ಕಡಿಮೆಯಾಯಿತು, ಮಿಸ್ಸಿಂಗ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆಗ ನಿರ್ಧಾರ ಮಾಡಿದೆ, ಏರಿನಲ್ಲಿ ಬರುವ ಕಾಯಿಲೆಯನ್ನು ಏರಿನಲ್ಲೇ ನೋಡಬೇಕು ಅಂತ. ಫಿಲ್ಟರಿಗೆ ಬರುವ ಲೈನಿನಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದೆ. ಗಾಳಿ ಎಳೆಯದ ಹಾಗೆ ಜಾಯಿಂಟ್ ಹೇಗೆ ಮಾಡಿದೆ ಅನ್ನುವುದನ್ನು ಬರೆಯಲ್ಲ, ಅದಕ್ಕೇ ನನಗೆ ಎರಡು ವರ್ಷ ಹಿಡಿದಿದೆ. ಬಾನೆಟ್ ಒಳಗೆ ಹಳೇ ಫೋನ್ ಕಟ್ಟಿ ವಿಡಿಯೊ ಆನ್ ಮಾಡಿ, ಪಕ್ಕದಲ್ಲಿ ಟಾರ್ಚ್. ಹಿಂದೆ ಎಂ ಸ್ಯಾಂಡ್ ಮೂಟೆಗಳು, ಸುಮಾರು 1,200 ಕೆಜಿ. ಪಂಪ್ ರಿಪೇರಿಯವರು ಇದನ್ನು ಕೇಳಿ "ಏನಣ್ಣಾ, ಗಾಡಿ ರಿಪೇರಿನೋ ಸಿನಿಮಾ ಶೂಟಿಂಗೋ?" ಅಂತ ನಕ್ಕರು.

ರಾತ್ರಿ ಹನ್ನೊಂದಕ್ಕೆ ಗುಂಡ್ಯ ಬಿಟ್ಟೆವು. ಓನರ್ ಸ್ಟೀರಿಂಗ್, ನನ್ನ ತೊಡೆ ಮೇಲೆ ಲ್ಯಾಪ್‌ಟಾಪ್. 2,200 ಆರ್‌ಪಿಎಮ್ ಹತ್ತಿರ ಬಡಿತ ಶುರು. ಇಂಜಿನ್ ಕೇಳುತ್ತಿದ್ದ ರೈಲ್ ಪ್ರೆಶರ್ 1,300 ಬಾರ್, ಸಿಗುತ್ತಿದ್ದದ್ದು 800 ಚಿಲ್ಲರೆ. ಪಕ್ಕಕ್ಕೆ ನಿಲ್ಲಿಸಿ ವಿಡಿಯೊ ನೋಡಿದೆವು. ಮೊದಲು ಸೋಡಾ ಬುರುಗಿನ ಹಾಗೆ ಸಣ್ಣ ಗುಳ್ಳೆ. ನಾಲ್ಕೈದು ಸೆಕೆಂಡ್ ಆದ ಮೇಲೆ ಅರ್ಧ ಪೈಪ್ ಖಾಲಿ. ಅದು ದಾಟಿದ ಕ್ಷಣವೇ ಗಾಡಿ ಕುಲುಕಿದ್ದು. ಗಾಳಿ ಎಳೆಯುತ್ತಿದೆ, ಅದೂ ಫಿಲ್ಟರಿಗಿಂತ ಹಿಂದೆ, ಟ್ಯಾಂಕಿನ ಕಡೆ. ಎಳೆಯುವ ಕಡೆಯ ಲೈನ್ ಆದ್ದರಿಂದ ಹೊರಗೆ ಒಂದು ಹನಿ ಡೀಸೆಲ್ ಕೂಡ ಸೋರುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮರುದಿನ ರಾತ್ರಿ ಟ್ಯಾಂಕ್ ಲೈನ್ ಬಿಚ್ಚಿ, 20 ಲೀಟರ್ ಕ್ಯಾನಿನಿಂದ ಡೀಸೆಲ್ ಕೊಟ್ಟೆ. ಮಿಸ್ಸಿಂಗ್ ಮಾಯ! ಖುಷಿಯಲ್ಲಿ ಒಂದು ಪೆದ್ದುತನ ಮಾಡಿದ್ದೆ, ಇಂಜಿನ್‌ನಲ್ಲಿ ಉಳಿದ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನು ಕ್ಯಾನಿಗೆ ತಿರುಗಿಸದೆ ಟ್ಯಾಂಕಿಗೇ ಬಿಟ್ಟಿದ್ದೆ. ಮಾರನಹಳ್ಳಿ ಹತ್ತಿರ ಕ್ಯಾನ್ ಖಾಲಿ, ಇಂಜಿನ್ ಏರ್ ಹಿಡಿದು ಆಫ್. ಮಳೆಯಲ್ಲಿ ಅರ್ಧ ಗಂಟೆ ಹ್ಯಾಂಡ್ ಪಂಪ್ ಒತ್ತಿದೆವು. ಬೇರೆ ದಾರಿ ಇರಲಿಲ್ಲ, ಟ್ಯಾಂಕ್ ಲೈನ್ ವಾಪಸ್ ಹಾಕಿ ಸಕಲೇಶಪುರದ ಕಡೆಗೆ ಹೊರಟೆವು. ದೋಣಿಗಲ್‌ವರೆಗೆ ಗಾಡಿ ಒಂದು ಸಲವೂ ಬಡಿಯಲಿಲ್ಲ! ಅದೇ ಲೈನ್, ಅದೇ ಲೋಡ್.

ಅಲ್ಲಿ ತಲೆಗೆ ಹೊಳೆಯಿತು. ಕ್ಯಾನಿನ ಡೀಸೆಲ್ ಹದಿಮೂರು ಹದಿನಾಲ್ಕು ಲೀಟರ್ ಟ್ಯಾಂಕಿಗೆ ಸೇರಿದೆ, ಮಟ್ಟ ಮೇಲೆ ಬಂದಿದೆ.

"ಅಣ್ಣಾ, ನೀವು ಡೀಸೆಲ್ ಹೇಗೆ ಹಾಕಿಸ್ತೀರಿ?" ಅಂದೆ.

"ಯಾವಾಗಲೂ ಎರಡು ಸಾವಿರದ್ದು. ಗ್ಯಾರೇಜಿಂದ ಬಂದಾಗ ಮಾತ್ರ, ಟ್ರಯಲ್ ನೋಡಬೇಕಲ್ವಾ, ಫುಲ್ ಟ್ಯಾಂಕ್."

ಮೂರು ಗ್ಯಾರೇಜಿನವರೂ ಗಾಡಿ ಸರಿಮಾಡಿದ್ದೇವೆ ಅಂತ ನಂಬಿದ್ದು ಇದರಿಂದಲೇ.

ಬೆಳಿಗ್ಗೆ ಟ್ಯಾಂಕ್ ಇಳಿಸಿ, ಒಳಗೆ ಡೀಸೆಲ್ ಮಟ್ಟ ಅಳೆಯುವ ಫ್ಲೋಟ್ ಯೂನಿಟ್ ತೆಗೆದೆ. ಡೀಸೆಲ್ ಎಳೆಯುವ ಪ್ಲಾಸ್ಟಿಕ್ ಪೈಪ್ ನೋಡಲು ಹೊಸದರ ಹಾಗಿತ್ತು. ಕೆಳಗಿನ ಬಾಯಿ ಬೆರಳಿನಿಂದ ಮುಚ್ಚಿ, ಬಕೆಟ್ ನೀರಲ್ಲಿ ಅದ್ದಿ ಊದಿದರೆ ನಡುಮಧ್ಯದಿಂದ ಗುಳ್ಳೆಗಳ ಸಾಲು. ಬಗ್ಗಿಸಿದರೆ ಮಾತ್ರ ಕಾಣುವ ಕೂದಲೆಳೆ ಬಿರುಕು. ಡೀಸೆಲ್ ಅದಕ್ಕಿಂತ ಮೇಲಿದ್ದರೆ ಗಾಳಿಗೆ ದಾರಿಯೇ ಇಲ್ಲ. ಕೆಳಗಿಳಿದರೂ ಐಡ್ಲಿಂಗ್‌ನಲ್ಲಿ ಎಳೆತ ಕಡಿಮೆ, ನಡೆದುಹೋಗುತ್ತದೆ. ಫುಲ್ ತುಳಿದಾಗಲೇ ಪಂಪ್ ಡೀಸೆಲ್ ಜೊತೆ ಗಾಳಿಯನ್ನೂ ಜಗ್ಗುವುದು.

ಹೊಸ ಯೂನಿಟ್ ಕೇಳಿದರೆ 7 ಸಾವಿರ, ಬರಲು ಹತ್ತು ದಿನ. ಅಷ್ಟು ದಿನ ಮೀನಿನ ಗಾಡಿ ನಿಲ್ಲಿಸೋಕೆ ಆಗುತ್ತಾ? ಒಳಗೆ ಬೇರೆ ಪೈಪ್ ಕೂರಿಸಿದೆ. ಯಾವುದು ಅಂತ ಕೇಳಬೇಡಿ. ಗಾರೆಯವರು ಮಟ್ಟ ನೋಡುವ ಸಾಮಾನ್ಯ ಲೆವೆಲ್ ಟ್ಯೂಬ್ ಮಾತ್ರ ಹಾಕಬೇಡಿ, ಡೀಸೆಲ್‌ನಲ್ಲಿ ಕಡ್ಡಿಯಾಗಿಬಿಡುತ್ತದೆ.

ಎಂಟು ತಿಂಗಳಾಯಿತು, ಕಾಲು ಟ್ಯಾಂಕಿನಲ್ಲೂ ಏರು ಹತ್ತುತ್ತಿದೆ. ಆ 35 ಸಾವಿರದ ಪಂಪ್ ಇನ್ನೂ ಅದೇ ಹಳೇದು. ನನ್ನ ಬಿಲ್ 4,500. ಓನರ್ ಅದರಲ್ಲೂ ಚೌಕಾಸಿ ಮಾಡಿ ನಾಲ್ಕು ಸಾವಿರ ಕೊಟ್ಟು, ಉಳಿದದ್ದಕ್ಕೆ ಎರಡು ಕೆಜಿ ಬಂಗುಡೆ ಕೈಗಿಟ್ಟರು.