ಶೆಲ್ಟರ್ ನಾಯಿ ಮನೆಗೆ ಬಂದಾಗ ಮೊದಲು ಮನೆಯನ್ನು ಸಪ್ಪೆ ಮಾಡಿ

ಶೆಲ್ಟರ್‌ನಿಂದ (ದಿಕ್ಕಿಲ್ಲದ ನಾಯಿಗಳನ್ನು ಇಟ್ಟು ನೋಡಿಕೊಳ್ಳುವ ಜಾಗ) ನಾಯಿ ತರುವವರು ಮೊದಲ ದಿನಕ್ಕೆ ಏನೇನೋ ಪ್ಲಾನ್ ಮಾಡಿಕೊಂಡಿರುತ್ತಾರೆ. ಸ್ನಾನ ಮಾಡಿಸಬೇಕು, ನೆಂಟರಿಗೆ ತೋರಿಸಬೇಕು, ಆಟಿಕೆಗಳ ರಾಶಿ ಹಾಕಬೇಕು, ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಬೇಕು. ಇದೆಲ್ಲ ನಮ್ಮ ಖುಷಿಗೆ. ನಾಯಿಗೆ ಆ ದಿನ ಬೇಕಾಗಿರುವುದು ಏನೂ ನಡೆಯದ ಒಂದು ಮನೆ.

ನಾನು ದೊಡ್ಡ ವಯಸ್ಸಿನ ಶೆಲ್ಟರ್ ನಾಯಿಗಳನ್ನೇ ಸಾಕಿಕೊಂಡು ಬಂದವಳು. ಕೆಲವನ್ನು ಬೇರೆ ಮನೆ ಸಿಗುವ ತನಕ ಇಟ್ಟುಕೊಂಡಿದ್ದೂ ಇದೆ. ಯಾರಾದರೂ ಸಲಹೆ ಕೇಳಿದರೆ ನಾನು ಹೇಳುವುದು ಒಂದೇ. ಮೊದಲ ಕೆಲವು ವಾರ ಮನೆ ಎಷ್ಟು ಸಪ್ಪೆಯಾಗಿರುತ್ತದೋ ಅಷ್ಟು ಒಳ್ಳೆಯದು. ಅದೇ ಹೊತ್ತಿಗೆ ಊಟ, ಅದೇ ದಾರಿಯಲ್ಲಿ ವಾಕಿಂಗ್, ಅದೇ ಮೂಲೆಯಲ್ಲಿ ನಿದ್ದೆ, ಅವೇ ನಾಲ್ಕು ಮುಖ. ಮುಂದೆ ಏನಾಗುತ್ತದೆ ಅಂತ ನಾಯಿಗೆ ಅಂದಾಜು ಸಿಗಲು ಶುರುವಾದರೆ ಅರ್ಧ ಭಯ ತಾನಾಗಿ ಇಳಿಯುತ್ತದೆ.

ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ನೀವು ಕೇಳಿರಬಹುದು. ಮೂರು ದಿನ ಗಾಬರಿ ಇಳಿಯಲು, ಮೂರು ವಾರ ಮನೆಯ ರೂಢಿ ಗೊತ್ತಾಗಲು, ಮೂರು ತಿಂಗಳು ಇದು ನನ್ನ ಮನೆ ಅನ್ನಿಸಲು. ಒಳ್ಳೆಯ ಅಂದಾಜು, ಆದರೆ ಅದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಕೂರಬೇಡಿ. ಕೆಲವು ನಾಯಿಗಳು ಮೊದಲ ಸಂಜೆಯೇ ಸೋಫಾ ಹತ್ತಿ ಮಲಗುತ್ತವೆ. ಕೆಲವಕ್ಕೆ ಒಂದು ವರ್ಷವೂ ಬೇಕಾಗಬಹುದು.

ತರುವ ಮೊದಲು

ಶೆಲ್ಟರ್‌ನವರನ್ನು ನಾಚಿಕೆಯಿಲ್ಲದೆ ಪ್ರಶ್ನೆ ಕೇಳಿ. ಏನು ತಿನ್ನುತ್ತಿತ್ತು, ಎಷ್ಟು ಹೊತ್ತಿಗೆ? ಯಾವ ಲಸಿಕೆ ಆಗಿದೆ, ಜಂತುಹುಳುವಿನ ಔಷಧ ಯಾವಾಗ ಕೊಟ್ಟಿದ್ದು? ಸಂತಾನಹರಣ ಆಪರೇಷನ್ ಆಗಿದೆಯಾ? ಯಾವುದಕ್ಕೆ ಹೆದರುತ್ತದೆ? ತಟ್ಟೆಯ ಹತ್ತಿರ ಯಾರಾದರೂ ಹೋದರೆ ಏನು ಮಾಡುತ್ತದೆ? ಮೈಕ್ರೋಚಿಪ್ (ಗುರುತಿಗಾಗಿ ಚರ್ಮದ ಕೆಳಗೆ ಹಾಕುವ ಪುಟ್ಟ ಚಿಪ್) ಇದ್ದರೆ ಅದರ ದಾಖಲೆಯಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಬದಲಾಯಿಸಲು ಮರೆಯಬೇಡಿ. ಚಿಪ್ ಇದೆ, ನಂಬರ್ ಹಳೆಯದು ಅಂದರೆ ಚಿಪ್ ಇದ್ದೂ ಇಲ್ಲದ ಹಾಗೆ. ಅಲ್ಲಿ ಮಲಗುತ್ತಿದ್ದ ಹಳೇ ಬಟ್ಟೆಯ ತುಂಡೊಂದನ್ನು ಕೇಳಿ ಇಸಿದುಕೊಳ್ಳಿ. ವಾಸನೆ ಬರುತ್ತದೆ ಅಂತ ಒಗೆಯಲು ಹಾಕಬೇಡಿ, ಆ ವಾಸನೆಗಾಗಿಯೇ ಅದನ್ನು ತಂದಿರುವುದು.

ಆಮೇಲೆ ಒಂದು ಮೂಲೆ ಗೊತ್ತು ಮಾಡಿ. ಜನ ಓಡಾಡುವ ದಾರಿಯಲ್ಲಿ ಬೇಡ, ಮುಂಬಾಗಿಲಿನ ಎದುರಿಗೂ ಬೇಡ. ಎರಡು ಕಡೆ ಗೋಡೆ ಇದ್ದರೆ ಒಳ್ಳೆಯದು. ಬೆನ್ನ ಹಿಂದೆ ಯಾರೂ ಬರುವುದಿಲ್ಲ ಎಂಬ ಧೈರ್ಯ ಸಿಗುತ್ತದೆ. ಅಲ್ಲಿ ಹಾಸಿಗೆ, ಸ್ವಲ್ಪ ದೂರದಲ್ಲಿ ನೀರು. ಆ ಮೂಲೆಗೆ ಒಂದೇ ನಿಯಮ: ನಾಯಿ ಅಲ್ಲಿದ್ದಾಗ ಯಾರೂ ಹೋಗಿ ಮುಟ್ಟುವಂತಿಲ್ಲ, ಎಳೆಯುವಂತಿಲ್ಲ. ಮಕ್ಕಳಿಗಷ್ಟೇ ಅಲ್ಲ, ಮನೆಯ ದೊಡ್ಡವರಿಗೂ ಇದನ್ನು ಮೊದಲೇ ಹೇಳಿಬಿಡಿ. ನನ್ನ ಅನುಭವದಲ್ಲಿ ದೊಡ್ಡವರೇ ಕೇಳುವುದಿಲ್ಲ.

ಬಾಗಿಲು

ಇದೊಂದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹೊಸ ನಾಯಿ ತಪ್ಪಿಸಿಕೊಳ್ಳುವ ಅಪಾಯ ಹೆಚ್ಚಿರುವುದು ಮೊದಲ ದಿನಗಳಲ್ಲಿ. ಆಗ ಅದಕ್ಕೆ ನಿಮ್ಮ ಮನೆ ಯಾವುದು ಅಂತ ಗೊತ್ತಿರುವುದಿಲ್ಲ, ಹೆಸರು ಕರೆದರೆ ತಿರುಗಿ ನೋಡುವುದಿಲ್ಲ. ಕಳೆದುಹೋದರೆ ವಾಪಸ್ ಬರಲು ದಾರಿಯೂ ತಿಳಿಯದು.

ಹಾಗಾಗಿ ಕಾರಿನಿಂದ ಇಳಿಸುವಾಗ ಬಾಗಿಲು ತೆಗೆಯುವ ಮೊದಲೇ ಲೀಶ್ (ನಾಯಿಯನ್ನು ಹಿಡಿದುಕೊಳ್ಳುವ ಹಗ್ಗ) ಕೈಯಲ್ಲಿರಬೇಕು. ಬರೀ ಕತ್ತಿನ ಪಟ್ಟಿ ಸಾಕಾಗುವುದಿಲ್ಲ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆಯನ್ನು ಪಟ್ಟಿಯಿಂದ ಹೊರಗೆ ಎಳೆದುಕೊಂಡುಬಿಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ. ಮೈಗೆ ಸರಿಯಾಗಿ ಕೂರುವ ಹಾರ್ನೆಸ್ (ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿ) ಹಾಕಿ, ಪಟ್ಟಿಗೂ ಹಾರ್ನೆಸ್‌ಗೂ ಲೀಶಿನಿಂದ ಒಂದೊಂದು ಕೊಂಡಿ ಸೇರಿಸಿ. ಹಾರ್ನೆಸ್ ಸರಿಯಾಗಿದೆಯಾ ಅಂತ ನೋಡಲು ನಾಯಿಯ ಎದುರು ನಿಂತು ಲೀಶನ್ನು ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ. ಹಾರ್ನೆಸ್ ಕಿವಿಯ ಕಡೆಗೆ ಜಾರಿ ಬಂದರೆ ಇನ್ನೂ ಬಿಗಿ ಮಾಡಬೇಕು. ಹಾರ್ನೆಸ್ ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಜಾಗ ಇದ್ದರೆ ಸಾಕು.

ಮನೆಯೊಳಗೆ ಬಾಗಿಲಿಗೂ ನಾಯಿಗೂ ನಡುವೆ ಇನ್ನೊಂದು ತಡೆ ಇರಲಿ. ಮಕ್ಕಳಿಗೆ ಹಾಕುವ ಗೇಟ್ ಆದರೂ ಸರಿ. ಕಾಲಿಂಗ್ ಬೆಲ್ ಆದಾಗ ಮೊದಲು ಗೇಟ್ ಹಾಕಿ, ಆಮೇಲೆ ಬಾಗಿಲು ತೆಗೆಯಿರಿ. ಬಾಲ್ಕನಿ ಇದ್ದರೆ ಅದಕ್ಕೂ ಇದೇ ಮಾತು.

ಊಟ

ಮೊದಲ ಒಂದು ವಾರ ಶೆಲ್ಟರ್‌ನಲ್ಲಿ ಕೊಡುತ್ತಿದ್ದ ಆಹಾರವನ್ನೇ ಕೊಡಿ. ನಿಮಗೆ ಅದು ಇಷ್ಟವಿಲ್ಲದಿದ್ದರೂ ಕೊಡಿ. ಹೊಸ ಜಾಗದ ಗಾಬರಿಗೇ ಹೊಟ್ಟೆ ಕೆಟ್ಟಿರುತ್ತದೆ, ಅದರ ಮೇಲೆ ಹೊಸ ಆಹಾರ ಬೇರೆ ಯಾಕೆ? ಆಮೇಲೆ ಏಳರಿಂದ ಹತ್ತು ದಿನದಲ್ಲಿ ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಾಯಿಸಿ.

ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ತಟ್ಟೆ ಇಟ್ಟು ಆ ಕಡೆ ಹೋಗಿ. ಸುಮ್ನೆ ಬಗ್ಗಿ ನೋಡುತ್ತಾ 'ತಿನ್ನು, ತಿನ್ನು' ಅನ್ನಬೇಡಿ. ಕಾಲು ಗಂಟೆ ಬಿಟ್ಟು ತೆಗೆದಿಡಿ, ಮುಂದಿನ ಹೊತ್ತಿಗೆ ಮತ್ತೆ ಇಡಿ. ನೀರು ಮಾತ್ರ ಯಾವಾಗಲೂ ಇರಲಿ. ದೊಡ್ಡ ನಾಯಿ ಎರಡು ದಿನ ಏನನ್ನೂ ಮುಟ್ಟದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಮರಿಯಾದರೆ ಅಷ್ಟು ಕಾಯಬೇಡಿ.

ಈಗ ನನ್ನ ಜೊತೆಗಿರುವ ಚುಕ್ಕಿ ಬಂದ ಹೊಸದರಲ್ಲಿ ತಟ್ಟೆಯ ತನಕ ಬರುತ್ತಿದ್ದಳು, ಒಂದು ತುತ್ತು ತೆಗೆದುಕೊಂಡು ಓಡಿಬಿಡುತ್ತಿದ್ದಳು. ಹಸಿವಿತ್ತು, ಆಸೆಯೂ ಇತ್ತು. ನಾನು ನೆಲದ ಮೇಲೆ ಅವಳಿಂದ ದೂರ ಕೂತು ಓರೆಗಣ್ಣಿನಲ್ಲಿ ನೋಡಿದೆ. ಮೂತಿ ತಾಗಿದ ಕೂಡಲೇ ಸ್ಟೀಲ್ ಬಟ್ಟಲು ಟೈಲ್ಸ್ ಮೇಲೆ ಕಿರ್ ಅಂತ ಜಾರುತ್ತಿತ್ತು. ಕತ್ತಿನ ಹೆಸರು ಬಿಲ್ಲೆ ಬಟ್ಟಲಿನ ಅಂಚಿಗೆ ಟಣ್ ಅಂತ ತಾಗುತ್ತಿತ್ತು. ಅವಳಿಗೆ ಊಟದ ಭಯವಲ್ಲ, ಆ ಸದ್ದಿನ ಭಯ. ಬಟ್ಟಲಿನ ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಬಿಲ್ಲೆಗೆ ಟೇಪ್ ಸುತ್ತಿದೆ. ಆವತ್ತು ಸಂಜೆ ಬಟ್ಟಲು ಖಾಲಿ. ನಾಯಿ ಏನಾದರೂ ವಿಚಿತ್ರವಾಗಿ ಆಡಿದರೆ ಅದರ ಎತ್ತರಕ್ಕೆ ಕೂತು, ಅದಕ್ಕೆ ಕೇಳಿಸುವುದನ್ನು ಕೇಳಿ. ಫ್ಯಾನ್, ಮಿಕ್ಸಿ, ವಾಷಿಂಗ್ ಮಷೀನ್, ಕನ್ನಡಿಯಲ್ಲಿ ಕಾಣುವ ಇನ್ನೊಂದು ನಾಯಿ, ಯಾವುದೂ ಕಾರಣವಾಗಬಹುದು.

ಕೊಡಲೇಬಾರದ್ದು: ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಜೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಸಕ್ಕರೆರಹಿತ ತಿನಿಸು, ಬೇಯಿಸಿದ ಮೂಳೆ. ಬೆಂದ ಮೂಳೆ ಸಿಗಿದು ಚೂಪಾಗಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಜೈಲಿಟಾಲ್ ಕೆಲವು ಚೂಯಿಂಗ್ ಗಮ್ ಮತ್ತು ಪೀನಟ್ ಬಟರ್‌ನಲ್ಲೂ ಇರುತ್ತದೆ, ಲೇಬಲ್ ಓದಿ.

ತಿನ್ನುವಾಗ ಬಟ್ಟಲಿಗೆ ಕೈ ಹಾಕಿ 'ಯಜಮಾನ ಯಾರು ಅಂತ ತೋರಿಸಿ' ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಹಾಗೆ ಮಾಡಿದರೆ ನಾಯಿ ಕಲಿಯುವುದು ಒಂದೇ, ಮನುಷ್ಯ ಹತ್ತಿರ ಬಂದರೆ ಊಟ ಹೋಗುತ್ತದೆ. ಅದರ ಬದಲು ದೂರದಿಂದ ಹಾದುಹೋಗುವಾಗ ಬಟ್ಟಲಿನ ಕಡೆಗೆ ಇನ್ನೊಂದು ರುಚಿಯಾದ ತುಂಡು ಹಾಕಿ, ನಿಲ್ಲದೆ ಮುಂದೆ ನಡೆಯಿರಿ. ಬಾಯಲ್ಲಿ ಚಪ್ಪಲಿ ಇದ್ದರೂ ಅಷ್ಟೇ. ಕಿತ್ತುಕೊಳ್ಳಬೇಡಿ, ಅದಕ್ಕಿಂತ ಒಳ್ಳೆಯದನ್ನು ತೋರಿಸಿ ವಿನಿಮಯ ಮಾಡಿಕೊಳ್ಳಿ.

ಒಂದು, ಎರಡು

ದೊಡ್ಡ ನಾಯಿ ಅಲ್ವಾ, ಇದೆಲ್ಲ ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಶೆಲ್ಟರ್‌ನಲ್ಲಿ ಮಲಗುವ ಸಿಮೆಂಟ್ ನೆಲದ ಮೇಲೆಯೇ ಎಲ್ಲ ಮುಗಿಸಿ ಅಭ್ಯಾಸವಾಗಿರಬಹುದು. ಮರಿಗೆ ಕಲಿಸಿದ ಹಾಗೆ ಮೊದಲಿನಿಂದ ಕಲಿಸಿ. ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ, ಮಲಗುವ ಮೊದಲು ಹೊರಗೆ ಕರೆದುಕೊಂಡು ಹೋಗಿ, ಪ್ರತಿ ಸಲ ಒಂದೇ ಜಾಗಕ್ಕೆ. ಕೆಲಸ ಮುಗಿದ ಕ್ಷಣವೇ ಅಲ್ಲೇ ತಿಂಡಿ ಕೊಡಿ. ಮನೆಗೆ ಬಂದು ಕೊಟ್ಟರೆ, ಮನೆಗೆ ಬಂದಿದ್ದಕ್ಕೆ ಕೊಟ್ಟಿದ್ದು ಅಂತ ಅದು ತಿಳಿಯುತ್ತದೆ.

ಒಳಗೆ ಮಾಡಿಕೊಂಡರೆ ಬೈಯಬೇಡಿ, ಮೂಗು ಹಿಡಿದು ತಿಕ್ಕುವುದಂತೂ ಬೇಡವೇ ಬೇಡ. ಬೈಸಿಕೊಂಡ ನಾಯಿ ಒಳಗೆ ಮಾಡುವುದನ್ನು ನಿಲ್ಲಿಸುವುದಿಲ್ಲ, ನಿಮ್ಮ ಕಣ್ಣೆದುರು ಮಾಡುವುದನ್ನು ನಿಲ್ಲಿಸಿ ಸೋಫಾ ಹಿಂದೆ ಹೋಗುತ್ತದೆ. ಒರೆಸಲು ಎನ್‌ಜೈಮ್ ಇರುವ ಕ್ಲೀನರ್ ಬಳಸಿ. ಅಮೋನಿಯಾ ಇರುವುದು ಬೇಡ, ಅದರ ವಾಸನೆ ಉಚ್ಚೆಯ ಹಾಗೇ ಇರುವುದರಿಂದ ಮತ್ತೆ ಅಲ್ಲಿಗೇ ಬರುತ್ತದೆ.

ನಾಯಿ ಹೇಳುವುದು, ನಾವು ಕೇಳುವುದು

ಬಾಲ ಅಲ್ಲಾಡಿಸಿದರೆ ಖುಷಿ, ಗುರ್ ಅಂದರೆ ಕೋಪ. ಇಷ್ಟೇ ಗೊತ್ತಿದ್ದರೆ ಸಾಲದು. ನಿದ್ದೆ ಬರದಿದ್ದರೂ ಆಕಳಿಸುವುದು, ಎದುರಿಗೆ ಊಟವಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ಮುಖ ಆ ಕಡೆ ತಿರುಗಿಸುವುದು, ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ಓರೆಯಾಗಿ ನೋಡುವುದು, ಇದ್ದಕ್ಕಿದ್ದಂತೆ ಮರಗಟ್ಟಿದ ಹಾಗೆ ನಿಲ್ಲುವುದು. ಇವೆಲ್ಲ 'ಸಾಕು, ದೂರ ಹೋಗಿ' ಎನ್ನುವ ಮಾತು. ಕೇಳಿಸಿಕೊಂಡರೆ ಗುರ್ ಅನ್ನುವ ತನಕ ಹೋಗುವುದಿಲ್ಲ.

ಗುರ್ ಅಂದರೂ ಗದರಬೇಡಿ. ಅದು ಎಚ್ಚರಿಕೆ. ಎಚ್ಚರಿಕೆ ಕೊಟ್ಟಿದ್ದಕ್ಕೆ ಏಟು ಬಿದ್ದರೆ ಮುಂದಿನ ಸಲ ಹೇಳದೇ ಕೇಳದೇ ಕಚ್ಚುತ್ತದೆ. ನೀವು ಹಿಂದೆ ಸರಿಯಿರಿ, ಏನಾಯಿತು ಅಂತ ಯೋಚಿಸಿ.

ಮುಟ್ಟಬಹುದಾ ಅಂತ ತಿಳಿಯಲು ಸುಲಭದ ದಾರಿ ಇದೆ. ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ನಾಯಿಯೇ ಬರಲಿ. ತಲೆಯ ಮೇಲಿಂದ ಕೈ ತರಬೇಡಿ, ಎದೆಯ ಹತ್ತಿರ ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಒತ್ತಿಕೊಂಡು ಬರುತ್ತದೆ. ಬರಲಿಲ್ಲವಾ, ಅಲ್ಲಿಗೆ ಬಿಟ್ಟುಬಿಡಿ. ಮಕ್ಕಳಿಗೆ ಇದು ಆಟದಂತೆ ಬೇಗ ಬರುತ್ತದೆ. ತಬ್ಬಿಕೊಳ್ಳುವುದು, ಮುಖಕ್ಕೆ ಮುಖ ಇಡುವುದು, ಮಲಗಿದ್ದಾಗ ಎಬ್ಬಿಸುವುದು ಮಾತ್ರ ಕೂಡದು. ನಾಯಿ ಎಷ್ಟೇ ಪಾಪದ್ದಾದರೂ ಸಣ್ಣ ಮಗುವಿನ ಜೊತೆ ಅದನ್ನು ಒಂಟಿಯಾಗಿ ಬಿಡಬೇಡಿ.

ಮನೆಯಲ್ಲಿ ಮೊದಲೇ ಒಂದು ನಾಯಿ ಇದ್ದರೆ ಎರಡನ್ನೂ ಹೊರಗೆ, ಯಾರದ್ದೂ ಅಲ್ಲದ ಜಾಗದಲ್ಲಿ ಭೇಟಿ ಮಾಡಿಸಿ. ಇಬ್ಬರು ಹಿಡಿದುಕೊಂಡು ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಯಿರಿ, ಅಂತರ ನಿಧಾನಕ್ಕೆ ಕಡಿಮೆಯಾಗಲಿ. ಊಟದ ಬಟ್ಟಲು ಬೇರೆ ಬೇರೆ ಕೋಣೆಯಲ್ಲಿ.

ರಾತ್ರಿ, ಮತ್ತು ಒಂಟಿಯಾಗಿ ಇರುವುದು

ಮೊದಲ ರಾತ್ರಿಗಳಲ್ಲಿ ನಾಯಿಯನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿದರೆ ಕುಂಯ್‌ಗುಡುತ್ತದೆ, ನಿಮಗೂ ನಿದ್ದೆ ಇಲ್ಲ. ಅದರ ಹಾಸಿಗೆಯನ್ನು ನಿಮ್ಮ ಕೋಣೆಗೇ ತನ್ನಿ. ಅಭ್ಯಾಸವಾದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಸರಿಸಿದರಾಯಿತು. ಬಂದ ಹೊಸದರಲ್ಲಿ ಸದಾ ನಿದ್ದೆ ಮಾಡುವ ನಾಯಿಯನ್ನು ನೋಡಿ ಹುಷಾರಿಲ್ಲವೇನೋ ಅಂತ ಹೆದರುವವರಿದ್ದಾರೆ. ಆರೋಗ್ಯವಾಗಿರುವ ದೊಡ್ಡ ನಾಯಿಯೂ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಗದ್ದಲದ ಶೆಲ್ಟರ್‌ನಿಂದ ಬಂದದ್ದು ಬಾಕಿ ನಿದ್ದೆಯನ್ನೂ ಸೇರಿಸಿ ಮಲಗುತ್ತದೆ.

ರಜೆ ಹಾಕಿ ಇಡೀ ವಾರ ನಾಯಿಗೆ ಅಂಟಿಕೊಂಡು ಕೂತು, ಸೋಮವಾರ ಬೆಳಿಗ್ಗೆ ಒಮ್ಮೆಲೇ ಒಂಬತ್ತು ಗಂಟೆ ಮಾಯವಾದರೆ ಅದು ಕಂಗಾಲಾಗುತ್ತದೆ. ರಜೆಯಲ್ಲಿರುವಾಗಲೇ ಒಂಟಿತನ ಅಭ್ಯಾಸ ಮಾಡಿಸಿ. ಬಾಗಿಲಾಚೆ ಹೋಗಿ ಕೆಲವು ಸೆಕೆಂಡಿನಲ್ಲಿ ವಾಪಸ್ ಬನ್ನಿ. ಆಮೇಲೆ ಒಂದು ನಿಮಿಷ, ಐದು ನಿಮಿಷ. ಹೆದರುವ ಮೊದಲೇ ಬಂದುಬಿಡುವುದು ಮುಖ್ಯ. ಬೀಗದ ಕೈ ಸದ್ದು, ಚಪ್ಪಲಿ ಮೆಟ್ಟುವುದು ಕಂಡರೇ ನಡುಗುವುದಾದರೆ ಎಲ್ಲಿಗೂ ಹೋಗದೆಯೇ ಬೀಗದ ಕೈ ಎತ್ತಿಕೊಳ್ಳಿ, ಮತ್ತೆ ಇಟ್ಟು ಕೂತುಕೊಳ್ಳಿ. ಆ ಸದ್ದಿಗೆ ಅರ್ಥವೇ ಇಲ್ಲದಂತಾಗಲಿ.

ಡಾಕ್ಟರ್, ಮತ್ತು ಆಮೇಲೆ ಬರುವ ತಲೆನೋವು

ಮೊದಲ ವಾರದಲ್ಲೇ ಶೆಲ್ಟರ್ ಕೊಟ್ಟ ಕಾಗದಗಳ ಜೊತೆ ಒಮ್ಮೆ ತೋರಿಸಿ ಬನ್ನಿ. ಕೆನಲ್ ಕಾಫ್ (ನಾಯಿಗಳಲ್ಲಿ ಬೇಗ ಹರಡುವ ಕೆಮ್ಮು), ಪಾರ್ವೊ (ವಾಂತಿ, ರಕ್ತಭೇದಿ ತರುವ ವೈರಸ್) ಥರದ ಸೋಂಕು ಅಲ್ಲೇ ಅಂಟಿದ್ದರೂ ಮನೆಗೆ ಬಂದ ಕೆಲವು ದಿನಗಳ ಮೇಲೆ ಕಾಣಿಸಿಕೊಳ್ಳಬಹುದು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕೆಮ್ಮಿದರೆ, ವಾಂತಿ ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯಬೇಡಿ. ಒಂದೆರಡು ದಿನ ಮಲ ಸ್ವಲ್ಪ ತೆಳ್ಳಗೆ ಹೋಗುವುದು, ಉಳಿದಂತೆ ಚುರುಕಾಗಿರುವುದು ಸಾಮಾನ್ಯ. ನಾಯಿಯ ಮೈಬಿಸಿ ನಮಗಿಂತ ಜಾಸ್ತಿ, 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮುಟ್ಟಿ ನೋಡಿ ಜ್ವರ ಅನ್ನಬೇಡಿ, ಥರ್ಮಾಮೀಟರ್ ಇಡಿ. ಹಲ್ಲು ತಾಗಿ ಯಾರಿಗಾದರೂ ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಿ. ನಾಯಿಗೆ ಲಸಿಕೆ ಆಗಿದೆ ಅಂತ ಸುಮ್ಮನಾಗಬೇಡಿ.

ಸ್ನಾನಕ್ಕೆ ಅವಸರವಿಲ್ಲ. ಉಣ್ಣಿ, ಚಿಗಟ ಇದ್ದರೆ ಡಾಕ್ಟರ್ ಹೇಳಿದ ಔಷಧಿ ಹಾಕಿ. ಕೊಳೆ ಮಾತ್ರ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದಕ್ಕೂ ನಾಯಿ ಒಪ್ಪಿದರೆ.

ಎರಡು ಮೂರು ವಾರ ಕಳೆದ ಮೇಲೆ 'ಅಯ್ಯೋ, ಬಂದಾಗ ಎಷ್ಟು ಸಾಧುವಾಗಿತ್ತು, ಈಗ ಬೊಗಳುತ್ತದೆ, ಚಪ್ಪಲಿ ಕಡಿಯುತ್ತದೆ' ಎಂದು ಕೆಲವರು ಫೋನ್ ಮಾಡುತ್ತಾರೆ. ನನಗೆ ಒಳಗೊಳಗೇ ನಗು. ಮೊದಲು ಕಂಡಿದ್ದು ಸಾಧು ಗುಣವಲ್ಲ, ಉಸಿರು ಬಿಗಿ ಹಿಡಿದಿದ್ದು. ಈಗ ನಿಜವಾದ ನಾಯಿ ಹೊರಗೆ ಬರುತ್ತಿದೆ. ಕಡಿಯಲು ಅದರದೇ ಸಾಮಾನು ಕೊಡಿ, ವಾಕಿಂಗ್‌ನಲ್ಲಿ ಜಗ್ಗದೆ ಮೂಸಲು ಬಿಡಿ. ಮೂಸಿ ಮೂಸಿ ಬಂದ ನಾಯಿ ಓಡಿ ಬಂದ ನಾಯಿಗಿಂತ ನೆಮ್ಮದಿಯಾಗಿ ಮಲಗುವುದನ್ನು ನಾನು ದಿನಾ ನೋಡುತ್ತೇನೆ.

ಕಚ್ಚಲು ಬರುವುದು, ಒಂಟಿಯಾದರೆ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವುದು ಇಂಥದ್ದು ಕಂಡರೆ ಮೊದಲು ಡಾಕ್ಟರ್ ಹತ್ತಿರ ನೋವೇನಾದರೂ ಇದೆಯಾ ಅಂತ ನೋಡಿಸಿ. ಹಲ್ಲು ನೋವು, ಕೀಲು ನೋವು ಇದ್ದರೂ ನಾಯಿ ಸಿಡುಕುತ್ತದೆ. ನೋವಿಲ್ಲ ಅಂತಾದರೆ ತರಬೇತುದಾರರನ್ನು ಕರೆಸಿ. ಬಂದವರನ್ನು ಮೊದಲೇ ಕೇಳಿಬಿಡಿ: ನಾಯಿ ಸರಿಯಾಗಿ ಮಾಡಿದಾಗ ಏನು ಮಾಡುತ್ತೀರಿ, ತಪ್ಪಿದಾಗ ಏನು ಮಾಡುತ್ತೀರಿ? ಎರಡನೆಯದಕ್ಕೆ ಉತ್ತರವಾಗಿ ಚೈನ್ ಜಗ್ಗುವುದು, ನೆಲಕ್ಕೆ ಒತ್ತುವುದು, ಶಾಕ್ ಪಟ್ಟಿ ಎಂದರೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸಿ.